ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್: ಹುಡುಕುವುದರಿಂದ ಹಿಡಿದು ಮೀಟರ್ ಇಟ್ಟು ನೋಡುವವರೆಗೆ

ನಮ್ಮ ಮನೆಯ ಫ್ರಿಜ್ ಬಾಗಿಲು ಮುಟ್ಟಿದರೆ ಬೆರಳ ತುದಿ ಜುಮ್ ಅನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಬರಿಗಾಲಲ್ಲಿ, ಅದೂ ನೆಲ ಒರೆಸಿದ ಮೇಲೆ, ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಮೊದಲು ಬಂದ ಎಲೆಕ್ಟ್ರಿಷಿಯನ್ ಸಾಕೆಟ್ ಕಡೆ ಒಮ್ಮೆ ನೋಡಿ, "ಮೂರು ಪಿನ್ ಇದೆ ಅಲ್ವಾ, ಅರ್ಥಿಂಗ್ ಇರುತ್ತೆ ಬಿಡಿ" ಎಂದು ಹೇಳಿ ಹೋದರು.

ಕೆಲವು ತಿಂಗಳಾದ ಮೇಲೆ ಬೇರೊಬ್ಬರನ್ನು ಕರೆಸಿದೆವು. ಅವರು ಮೇನ್ ಆಫ್ ಮಾಡಿ, ಸಾಕೆಟ್‌ನ ಸ್ಕ್ರೂ ಬಿಚ್ಚಿ ಹೊರಗೆಳೆದರು. ಅರ್ಥಿಂಗ್‌ನ ಹಸಿರು ವೈರ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್, ಡಬ್ಬಿಯೊಳಗೇ ಇತ್ತು. ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ಯಾರೋ ಅದನ್ನು ಸುರುಳಿ ಸುತ್ತಿ, ಹಿಂದೆ ತುರುಕಿ, ಸಾಕೆಟ್ ಮುಚ್ಚಿಬಿಟ್ಟಿದ್ದರು. ವೈರ್ ಜೋಡಿಸಿದ ಮೇಲೆ ಅವರು ಚೀಲದಿಂದ ಒಂದು ಮೀಟರ್ ತೆಗೆದು, ಸಾಕೆಟ್‌ಗೆ ಚುಚ್ಚಿ, ಬಂದ ಅಂಕಿಯನ್ನು ನನಗೆ ತೋರಿಸಿದರು.

ಇಬ್ಬರಿಗೂ ಕೈಕೆಲಸ ಬರುತ್ತಿತ್ತು. ಒಬ್ಬರು ಬಾಯಲ್ಲಿ ಹೇಳಿ ಹೋದರು, ಇನ್ನೊಬ್ಬರು ಬಿಚ್ಚಿ, ಅಳೆದು, ತೋರಿಸಿದರು. ಈ ಎರಡನೆಯವರಂಥವರನ್ನು ಹುಡುಕುವುದು ಹೇಗೆ, ಅವರಿಂದ ಸರಿಯಾಗಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಫೋನ್ ಮಾಡುವ ಮುಂಚೆ

ಒಂದು ಹಾಳೆ ತೆಗೆದುಕೊಳ್ಳಿ. ತೊಂದರೆ ಏನು, ಯಾವಾಗ ಆಗುತ್ತೆ, ಆಗ ಏನೇನು ಆನ್ ಇರುತ್ತೆ ಅಂತ ಬರೆದಿಡಿ. "ಆಗಾಗ ಟ್ರಿಪ್ ಆಗುತ್ತೆ" ಎನ್ನುವುದಕ್ಕಿಂತ "ಗೀಸರ್ ಹಾಕಿ ಹತ್ತು ನಿಮಿಷಕ್ಕೆ ಟ್ರಿಪ್ ಆಗುತ್ತೆ" ಅನ್ನುವುದು ಹತ್ತು ಪಟ್ಟು ಉಪಯೋಗದ ಮಾಹಿತಿ. ಸ್ವಿಚ್ ಹಾಕಿದ ತಕ್ಷಣ ಟ್ರಿಪ್ ಆದರೆ ಸಾಮಾನ್ಯವಾಗಿ ಶಾರ್ಟ್ ಅಥವಾ ಲೀಕೇಜ್ (ಕರೆಂಟ್ ಸೋರಿಕೆ). ಸ್ವಲ್ಪ ಹೊತ್ತು ಓಡಿ ಆಮೇಲೆ ಆದರೆ ಹೆಚ್ಚಾಗಿ ಓವರ್‌ಲೋಡ್. ಮಳೆ ಬಂದಾಗ ಮಾತ್ರ ಆದರೆ ಎಲ್ಲೋ ನೀರು ಇಳಿಯುತ್ತಿದೆ.

ಹೊಸ ಸಾಮಾನು ಹಾಕಿಸುವುದಿದ್ದರೆ ಅದರ ಮೇಲಿನ ವ್ಯಾಟ್ ಅಂಕಿ ಬರೆದುಕೊಳ್ಳಿ. ವ್ಯಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತೆ. 230 ವೋಲ್ಟ್ ಇರುವ ಕಡೆ 2000 ವ್ಯಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ. 120 ವೋಲ್ಟ್ ಇರುವ ದೇಶಗಳಲ್ಲಿ ಅದೇ ಕೆಲಸಕ್ಕೆ ಹೆಚ್ಚೂ ಕಡಿಮೆ ಎರಡರಷ್ಟು ಕರೆಂಟ್ ಬೇಕು. ಇಷ್ಟು ಲೆಕ್ಕ ಗೊತ್ತಿದ್ದರೆ ಮುಂದಿನ ಮಾತುಕತೆ ಸಲೀಸು.

ಕೆಲವು ಲಕ್ಷಣಗಳಿಗೆ ಹಾಳೆಯೂ ಬೇಡ, ವಿಚಾರಣೆಯೂ ಬೇಡ. ಸ್ವಿಚ್ ಬೋರ್ಡ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಒಳಗೆ ಚಟಪಟ ಸದ್ದು ಕೇಳಿದರೆ ಮೇನ್ ಆಫ್ ಮಾಡಿ. ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ: ಮನೆಯ ಕೆಲವು ದೀಪ ಮಂಕಾಗಿ, ಕೆಲವು ಮಾತ್ರ ಜಾಸ್ತಿ ಪ್ರಕಾಶವಾಗಿ ಉರಿಯಲು ಶುರುವಾದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಲೂಸ್ ಆಗಿರಬಹುದು, ಇಲ್ಲವೇ ಕಡಿದು ಹೋಗಿರಬಹುದು. 3 ಫೇಸ್ ಕನೆಕ್ಷನ್‌ನಲ್ಲಿ ಹೀಗಾದರೆ 230 ವೋಲ್ಟ್ ಬರಬೇಕಾದ ಸಾಕೆಟ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಬಂದು, ಟಿವಿ, ಫ್ರಿಜ್ ಎಲ್ಲ ಸುಟ್ಟು ಹೋಗಬಹುದು. ಮೊದಲು ಮೇನ್ ಆಫ್, ಆಮೇಲೆ ವಿದ್ಯುತ್ ಕಂಪನಿಗೆ ಫೋನ್.

ಎಲ್ಲಿ ಹುಡುಕುವುದು

ತೀರಾ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ನಗರದಲ್ಲಿ ಒಂದು ಅನುಕೂಲ ಇದೆ. ಒಳ್ಳೆ ಕೆಲಸಗಾರರ ಹೆಸರು ಬೇಗ ಹರಡುತ್ತದೆ. ಅಂಥವರಿಗೆ ಬಿಡುವು ಸಿಗುವುದಿಲ್ಲ ಅನ್ನುವುದೇ ತೊಂದರೆ. ತುರ್ತಿಲ್ಲದ ಕೆಲಸವಾದರೆ ಎರಡು ವಾರ ಕಾಯಿರಿ. ನಾಳೆಯೇ ಬರುತ್ತೇನೆ ಎನ್ನುವವರಿಗಿಂತ ಅವರೇ ಮೇಲು ಅಂತ ನನ್ನ ಅನುಭವ.

ವೈರ್, ಸ್ವಿಚ್ ಮಾರುವ ಅಂಗಡಿಯವರನ್ನು ಕೇಳಿ. ಆದರೆ "ಯಾರಾದರೂ ಇದ್ದಾರಾ" ಅಂತ ಕೇಳಬೇಡಿ. "ನಿಮ್ಮ ಸ್ವಂತ ಮನೆ ಕೆಲಸಕ್ಕೆ ಯಾರನ್ನು ಕರೆಸುತ್ತೀರಿ" ಎಂದು ಕೇಳಿ. ಪಕ್ಕದ ಮನೆಯವರು ಹೆಸರು ಹೇಳಿದರೆ, ಆ ಕೆಲಸ ಮುಗಿದು ಎಷ್ಟು ದಿನವಾಯಿತು ಅಂತ ವಿಚಾರಿಸಿ. ಹೊಸ ವೈರಿಂಗ್ ಮೊದಲ ತಿಂಗಳು ಎಲ್ಲರ ಮನೆಯಲ್ಲೂ ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಂಡ ಕೆಲಸದ ಬಗ್ಗೆ ಜನ ಏನು ಹೇಳುತ್ತಾರೋ ಅದನ್ನು ನಂಬಬಹುದು.

ಲೈಸೆನ್ಸ್‌ನಲ್ಲಿ ಏನು ನೋಡಬೇಕು

ಲೈಸೆನ್ಸ್ ಕೊಡುವ ಕಚೇರಿ, ಅದರ ಹೆಸರು, ಅದರ ದರ್ಜೆಗಳು ಒಂದೊಂದು ಕಡೆ ಒಂದೊಂದು ರೀತಿ. ನೋಡಬೇಕಾದ್ದು ಮಾತ್ರ ಎಲ್ಲ ಕಡೆ ಒಂದೇ: ಹೆಸರು, ನಂಬರ್, ದರ್ಜೆ, ಯಾವತ್ತಿನವರೆಗೆ ಊರ್ಜಿತ. ನಂಬರ್ ತೆಗೆದುಕೊಂಡು ಕೊಟ್ಟ ಕಚೇರಿಯಲ್ಲೋ ಅವರ ವೆಬ್‌ಸೈಟ್‌ನಲ್ಲೋ ತಾಳೆ ನೋಡಿ. ಲೈಸೆನ್ಸ್ ತೋರಿಸಿ ಅಂದರೆ ನಿಜವಾಗಿ ಇರುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಓದಿ, ಪರೀಕ್ಷೆ ಬರೆದು, ಕಷ್ಟಪಟ್ಟು ಗಳಿಸಿದ್ದು ಅದು.

ದರ್ಜೆಯನ್ನು ಗಮನಿಸಿ. ಒಬ್ಬರ ಕೈಕೆಳಗೆ ಕೆಲಸ ಮಾಡಲು ಕೊಡುವ ಪರ್ಮಿಟ್ ಬೇರೆ, ಸ್ವತಂತ್ರವಾಗಿ ಕೆಲಸ ಹಿಡಿದು ಸಹಿ ಹಾಕುವ ಲೈಸೆನ್ಸ್ ಬೇರೆ. ಬಲ್ಬ್ ಹೋಲ್ಡರ್ ಬದಲಾಯಿಸಲು ಇದೆಲ್ಲ ಬೇಡ. ಹೊಸ ಸರ್ಕ್ಯೂಟ್ ಎಳೆಸುವುದು, ಡಿಬಿ (ಮನೆಯ ಎಲ್ಲ ಲೈನ್‌ಗಳಿಗೆ ಕರೆಂಟ್ ಹಂಚುವ ಡಬ್ಬಿ) ಬದಲಾಯಿಸುವುದು, ಮೀಟರ್ ಲೋಡ್ ಹೆಚ್ಚಿಸುವುದು ಇದ್ದರೆ ಸಹಿ ಹಾಕುವ ಅಧಿಕಾರ ಇರುವವರೇ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: "ನಮ್ಮ ಮನೆಗೆ ಬಂದು ಕೆಲಸ ಮಾಡುವವರು ಯಾರು?" ಲೈಸೆನ್ಸ್ ಒಬ್ಬರದ್ದು, ಕೆಲಸ ಮಾಡುವ ಹುಡುಗರು ಬೇರೆ, ಸಹಿ ಹಾಕಿದವರು ಮನೆ ಮೆಟ್ಟಿಲನ್ನೇ ಹತ್ತಿಲ್ಲ ಅನ್ನುವುದು ನಡೆಯುತ್ತಲೇ ಇರುತ್ತದೆ. ಹುಡುಗರು ಕೆಲಸ ಮಾಡುವುದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಕಲಿತವರು. ಆದರೆ ಸಹಿ ಹಾಕುವವರು ಎರಡು ಸಲವಾದರೂ ಬರಲೇಬೇಕು: ಗೋಡೆ ಮುಚ್ಚುವ ಮುಂಚೆ ಒಮ್ಮೆ, ಟೆಸ್ಟ್ ಮಾಡುವಾಗ ಒಮ್ಮೆ. ಇದನ್ನು ಮೊದಲೇ ಮಾತಾಡಿಕೊಳ್ಳಿ. ಅವಘಡ ಆದರೆ ಇನ್ಶೂರೆನ್ಸ್ ಇದೆಯಾ ಅಂತಲೂ ಕೇಳಿ.

ಅವರು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ

ನಾವು ಕೇಳುವ ಪ್ರಶ್ನೆಗಳಿಗಿಂತ ಅವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಜಾಸ್ತಿ ಗೊತ್ತಾಗುತ್ತದೆ. ಮನೆ ಎಷ್ಟು ಹಳೆಯದು? ಸಿಂಗಲ್ ಫೇಸಾ, 3 ಫೇಸಾ? ಮೀಟರ್‌ಗೆ ಎಷ್ಟು ಲೋಡ್ ಮಂಜೂರಾಗಿದೆ? ಹಿಂದೆ ಯಾರಾದರೂ ಏನಾದರೂ ಬದಲಾಯಿಸಿದ್ದಾರಾ? ಇಂಥ ಪ್ರಶ್ನೆ ಬಂದರೆ ಸರಿಯಾದವರ ಹತ್ತಿರವೇ ಮಾತಾಡುತ್ತಿದ್ದೀರಿ. ಏನೂ ನೋಡದೆ ಫೋನ್‌ನಲ್ಲೇ ಇಡೀ ಮನೆಯ ವೈರಿಂಗ್‌ಗೆ ರೇಟ್ ಹೇಳುವವರನ್ನು ಬಿಟ್ಟುಬಿಡಿ.

ಮನೆ ನೋಡಲು ಬಂದಾಗ ಅವರು ಡಿಬಿ ಮುಚ್ಚಳ ತೆಗೆಯುತ್ತಾರಾ, ಅರ್ಥಿಂಗ್ ಎಲ್ಲಿದೆ ಅಂತ ಹುಡುಕುತ್ತಾರಾ ನೋಡಿ. ಮುಟ್ಟುವ ಮುಂಚೆ ಏನು ಮಾಡುತ್ತಾರೆ ಅನ್ನುವುದನ್ನೂ ನೋಡಿ. ಅನುಭವಸ್ಥರು ಮೊದಲು ಕರೆಂಟ್ ಇರುವ ಕಡೆ ಟೆಸ್ಟ್ ಲ್ಯಾಂಪ್ ಅಥವಾ ಮೀಟರ್ ಇಟ್ಟು ಅದು ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಆಫ್ ಮಾಡಿದ ಕಡೆ ನೋಡುತ್ತಾರೆ. ಆಮೇಲೆ ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡುತ್ತಾರೆ. ಮಧ್ಯದಲ್ಲಿ ಮೀಟರೇ ಕೆಟ್ಟಿದ್ದರೆ? ಅದಕ್ಕೇ ಮೂರು ಸಲ. ಸ್ಕ್ರೂಡ್ರೈವರ್‌ನಂಥ ನಿಯಾನ್ ಟೆಸ್ಟರ್ ಉರಿಯಲಿಲ್ಲ ಅಂದ ಮಾತ್ರಕ್ಕೆ ವೈರ್ ಸತ್ತಿದೆ ಅಂತ ಅಲ್ಲ. ದಪ್ಪ ಚಪ್ಪಲಿ ಹಾಕಿಕೊಂಡು ಒಣ ಜಾಗದಲ್ಲಿ ನಿಂತರೂ ಅದು ಉರಿಯದೇ ಇರಬಹುದು.

ಎಸ್ಟಿಮೇಟ್ ಬರವಣಿಗೆಯಲ್ಲಿ ಇರಲಿ

ಇಬ್ಬರು ಮೂವರಿಂದ ತೆಗೆದುಕೊಳ್ಳಿ. ವೈರ್‌ನ ಕಂಪನಿ ಮತ್ತು ಸೈಜ್, ಎಂಸಿಬಿಯ (ಕರೆಂಟ್ ಜಾಸ್ತಿಯಾದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಕಂಪನಿ, ಎಷ್ಟು ಪಾಯಿಂಟ್, ಸಾಮಾನು ತರುವವರು ಯಾರು, ಗೋಡೆ ಒಡೆದದ್ದನ್ನು ಮುಚ್ಚುವವರು ಯಾರು, ಕೊನೆಗೆ ಟೆಸ್ಟ್ ರಿಪೋರ್ಟ್ ಕೊಡುತ್ತಾರಾ – ಇಷ್ಟೂ ಬರೆದಿರಬೇಕು. ಇದಿಲ್ಲದೆ ಮೊತ್ತ ಮಾತ್ರ ಹೋಲಿಸಿದರೆ ಸುಮ್ನೆ ಮೋಸ ಹೋಗುತ್ತೇವೆ. ತೀರಾ ಕಡಿಮೆ ರೇಟ್ ಇದ್ದರೆ ವೈರ್ ಸೈಜ್‌ನಲ್ಲೋ ಅರ್ಥಿಂಗ್‌ನಲ್ಲೋ ಉಳಿಸಿರುತ್ತಾರೆ. ಅವೆರಡೂ ಗೋಡೆಯೊಳಗೆ, ನೆಲದೊಳಗೆ ಹೋಗುವಂಥವು.

ಹಣವನ್ನು ಕಂತಿನಲ್ಲಿ ಕೊಡಿ. ಕೊನೆಯ ಕಂತು ಟೆಸ್ಟ್ ಆದ ಮೇಲೆ ಅಂತ ಮೊದಲೇ ಹೇಳಿ. ಹೇಳಿದ ಮೇಲೆ, ಟೆಸ್ಟ್ ಆದ ದಿನವೇ ಕೊಟ್ಟುಬಿಡಿ. ಕೆಲಸ ಮಾಡಿದವರನ್ನು ದುಡ್ಡಿಗಾಗಿ ಅಲೆಸಬಾರದು.

ಕೆಲಸ ನಡೆಯುವಾಗ

ಎಲ್ಲ ತಾಂತ್ರಿಕ ವಿಷಯ ನಮಗೆ ಗೊತ್ತಿರಬೇಕಿಲ್ಲ. ಮೂರು ನಾಲ್ಕು ಗೊತ್ತಿದ್ದರೆ ಸಾಕು.

ಮೊದಲನೆಯದು, ವೈರ್ ಮತ್ತು ಎಂಸಿಬಿ ಜೋಡಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. ವೈರ್ ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ ಅದು ಬೀಳಬೇಕು. 230 ವೋಲ್ಟ್ ಇರುವ ಕಡೆ ಸಾಮಾನ್ಯವಾಗಿ ದೀಪ, ಫ್ಯಾನ್‌ಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್, 6 ಅಥವಾ 10 ಆಂಪ್ ಎಂಸಿಬಿ. ಪವರ್ ಸಾಕೆಟ್‌ಗೆ 2.5 ಚದರ ಮಿಲಿಮೀಟರ್, 16 ಆಂಪ್. ಎಸಿಯಂಥ ದೊಡ್ಡ ಲೋಡ್‌ಗೆ 4 ಚದರ ಮಿಲಿಮೀಟರ್, ಅದೂ ಡಿಬಿಯಿಂದ ನೇರವಾಗಿ ಬೇರೆ ಲೈನ್. ಉದ್ದ ಜಾಸ್ತಿ ಇದ್ದರೆ, ಒಂದೇ ಪೈಪ್‌ನಲ್ಲಿ ತುಂಬಾ ವೈರ್ ಇದ್ದರೆ ಇನ್ನೂ ದಪ್ಪ ಬೇಕಾಗಬಹುದು. "16 ಆಂಪ್ ಬೀಳ್ತಾ ಇದೆ, 32 ಹಾಕಿಬಿಡ್ತೀನಿ" ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ವೈರ್ ಬದಲಾಯಿಸದೆ ಎಂಸಿಬಿ ಮಾತ್ರ ದೊಡ್ಡದು ಹಾಕಿದರೆ, ಟ್ರಿಪ್ ಆಗುವ ಮುಂಚೆ ವೈರ್ ಬೇಯುತ್ತದೆ.

ಎರಡನೆಯದು, ಲೂಸ್ ಕನೆಕ್ಷನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಎಂಸಿಬಿ ಹಿಡಿಯುವುದಿಲ್ಲ. ಸ್ಕ್ರೂ ಸರಿಯಾಗಿ ಬಿಗಿಯದೆ ಒಂದು ಜಾಯಿಂಟ್‌ನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಅದರ ಮೂಲಕ ಗೀಸರ್‌ನ 8.7 ಆಂಪ್ ಹರಿದರೆ ಆ ಒಂದೇ ಚುಕ್ಕೆಯಲ್ಲಿ ಸುಮಾರು 38 ವ್ಯಾಟ್ ಬಿಸಿ ಹುಟ್ಟುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರುವುದೇ ಹೆಚ್ಚೂ ಕಡಿಮೆ ಅಷ್ಟು ವ್ಯಾಟ್! ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸೋಲ್ಡರಿಂಗ್ ಐರನ್ ಇಟ್ಟು ಮುಚ್ಚಿದಂತೆ. ಎಂಸಿಬಿಗೆ ಕಾಣುವುದು 8.7 ಆಂಪ್ ಮಾತ್ರ, ಅದರ ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಇದೆ.

ಹಾಗಾಗಿ ಒಂದು ಸ್ವಿಚ್ ಬೋರ್ಡ್ ಮುಚ್ಚುವ ಮುಂಚೆ ತೋರಿಸಿ ಅಂತ ಕೇಳಿ. ವೈರ್‌ನ ಎಲ್ಲ ಎಳೆಗಳೂ ಟರ್ಮಿನಲ್ ಒಳಗಿರಬೇಕು. ತೂತಿಗೆ ಹಿಡಿಸುವುದಿಲ್ಲ ಅಂತ ನಾಲ್ಕು ಎಳೆ ಕತ್ತರಿಸಿ ಹಾಕುವ ಕೆಟ್ಟ ಅಭ್ಯಾಸ ಇದೆ. ಹಾಗೆ ಮಾಡಿದರೆ ನೀವು ದುಡ್ಡು ಕೊಟ್ಟು ತಂದ ದಪ್ಪ ವೈರ್ ಆ ಜಾಗದಲ್ಲಿ ತೆಳ್ಳಗಾಯಿತು. ಸ್ಕ್ರೂ ಬಿಗಿದ ಮೇಲೆ ವೈರನ್ನು ಸ್ವಲ್ಪ ಜಗ್ಗಿ ನೋಡುವವರು ಒಳ್ಳೆ ಕೆಲಸಗಾರರು. ಸುಲಿದ ತಾಮ್ರ ಹೊರಗೆ ಕಾಣಬಾರದು, ಪ್ಲಾಸ್ಟಿಕ್ ಕೂಡ ಸ್ಕ್ರೂ ಕೆಳಗೆ ಸಿಕ್ಕಿಕೊಂಡಿರಬಾರದು. ಹಳೆ ಮನೆಯಲ್ಲಿ ಅಲ್ಯೂಮಿನಿಯಂ ವೈರ್ ಇದ್ದರೆ ಅದನ್ನು ತಾಮ್ರದ ಜೊತೆ ನೇರವಾಗಿ ತಿರುಚಿ ಟೇಪ್ ಸುತ್ತಲು ಬಿಡಬೇಡಿ. ಅದಕ್ಕೆಂದೇ ಮಾಡಿದ ಕನೆಕ್ಟರ್ ಬೇಕು.

ಮೂರನೆಯದು, ಪೈಪ್. ಪೈಪ್‌ನೊಳಗೆ ಜಾಯಿಂಟ್ ಇರಕೂಡದು. ಜಾಯಿಂಟ್ ಏನಿದ್ದರೂ ಮುಂದೆ ತೆರೆದು ನೋಡಲು ಆಗುವ ಡಬ್ಬಿಯಲ್ಲಿ. ಗೋಡೆ ಮುಚ್ಚುವ ಹಿಂದಿನ ದಿನ, ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಐದು ವರ್ಷದ ನಂತರ ಗೋಡೆಗೆ ಮೊಳೆ ಹೊಡೆಯುವಾಗ ಈ ಫೋಟೋ ಬೇಕಾಗುತ್ತದೆ.

ಆರ್‌ಸಿಸಿಬಿ ಇಲ್ಲದೆ ಒಪ್ಪಬೇಡಿ

ಇದೊಂದು ವಿಷಯದಲ್ಲಿ ಚೌಕಾಸಿ ಬೇಡ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸಾಧನ. ಕೆಲವರು ಹಳೆ ರೂಢಿಯಂತೆ ಇದನ್ನು ಇಎಲ್‌ಸಿಬಿ ಅನ್ನುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಇದು ಸದಾ ತೂಗಿ ನೋಡುತ್ತಿರುತ್ತದೆ. ಕಡಿಮೆ ಬಂದರೆ, ಉಳಿದದ್ದು ಬೇರೆ ದಾರಿಯಲ್ಲಿ ಹೋಗುತ್ತಿದೆ ಅಂತ ಅರ್ಥ. ಆ ದಾರಿ ಒಬ್ಬ ಮನುಷ್ಯನ ಮೈಯೂ ಆಗಿರಬಹುದು.

ಸುಮಾರು 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗದೇ ಹೋಗಬಹುದು. 16 ಆಂಪ್ ಎಂಸಿಬಿ ಅಂದರೆ 16,000 ಮಿಲಿಆಂಪ್. ಶಾಕ್ ಹೊಡೆದಾಗ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಜನರ ಜೀವ ಕಾಪಾಡಲು ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್‌ನದು. ಅಷ್ಟು ಸೋರಿದರೆ 0.3 ಸೆಕೆಂಡ್ ಒಳಗೆ ಬೀಳಬೇಕು. 100 ಅಥವಾ 300 ಮಿಲಿಆಂಪ್‌ನದು ಬೆಂಕಿ ತಡೆಯಲು ಹಾಕುವಂಥದ್ದು, ಮೇಲೆ ಬರೆದಿರುವ ಅಂಕಿ ಓದಿ ನೋಡಿ. ಅಮೆರಿಕದಲ್ಲಿ ಇದೇ ತತ್ವದ ಸಾಧನವನ್ನು ಜಿಎಫ್‌ಸಿಐ ಅನ್ನುತ್ತಾರೆ, ಅದು 5 ಮಿಲಿಆಂಪ್ ಆಸುಪಾಸಿನಲ್ಲೇ ಬೀಳುತ್ತದೆ. ಮನುಷ್ಯನ ಮೈ ಎಷ್ಟು ಕರೆಂಟ್ ತಡೆಯುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಅದನ್ನು ರೂಪಿಸಿದರು.

ಹಳೆ ಮನೆಗೆ ಆರ್‌ಸಿಸಿಬಿ ಹಾಕಿದ ದಿನವೇ ಅದು ಪದೇ ಪದೇ ಬೀಳಬಹುದು. ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಎಲ್ಲೋ ಬೆರೆತಿರುತ್ತದೆ, ಅಥವಾ ಗೀಸರ್ ಎಲಿಮೆಂಟ್ ಲೀಕ್ ಆಗುತ್ತಿರುತ್ತದೆ. ಅದನ್ನು ಹುಡುಕುವುದು ತಾಳ್ಮೆಯ ಕೆಲಸ, ಅರ್ಧ ದಿನ ಹಿಡಿಯಬಹುದು. ಆ ಅರ್ಧ ದಿನದ ಕೂಲಿ ಕೊಡಿ. "ಇದು ತೊಂದರೆ ಕೊಡುತ್ತೆ, ಬೈಪಾಸ್ ಮಾಡಿಬಿಡೋಣ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ.

ಟೆಸ್ಟ್ ಮಾಡುವ ದಿನ ಮನೆಯಲ್ಲೇ ಇರಿ

ಲೈಟ್ ಉರಿಯಿತು, ಫ್ಯಾನ್ ತಿರುಗಿತು ಅಂದರೆ ಟೆಸ್ಟ್ ಆಯಿತು ಅಂತಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಲೈಟ್ ಉರಿಯುತ್ತದೆ.

ಕರೆಂಟ್ ಕೊಡುವ ಮುಂಚೆ ಇನ್ಸುಲೇಷನ್ ಟೆಸ್ಟ್. ಇದಕ್ಕೆ ಮೆಗ್ಗರ್ ಅನ್ನುತ್ತಾರೆ. 500 ವೋಲ್ಟ್ ಡಿಸಿ ಕೊಟ್ಟು ವೈರ್‌ಗಳ ನಡುವೆ, ವೈರ್ ಮತ್ತು ಅರ್ಥ್ ನಡುವೆ ಸೋರಿಕೆ ಇದೆಯಾ ನೋಡುತ್ತಾರೆ. ಮನೆ ವೈರಿಂಗ್‌ಗೆ ಅಂತಾರಾಷ್ಟ್ರೀಯ ಐಇಸಿ ಮಾನದಂಡ ಹೇಳುವ ಕನಿಷ್ಠ ಮಟ್ಟ 1 ಮೆಗಾಓಮ್. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಈ ಟೆಸ್ಟ್‌ಗೆ ಮುಂಚೆ ಟಿವಿ, ಕಂಪ್ಯೂಟರ್, ಎಲ್‌ಇಡಿ ದೀಪ ಎಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಅವು ಹಾಳಾಗಬಹುದು.

ಆಮೇಲೆ ಅರ್ಥ್. ಇಲ್ಲಿ ಒಂದು ಸೂಕ್ಷ್ಮ ಇದೆ. ಮಲ್ಟಿಮೀಟರ್ ಇಟ್ಟು ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ತೋರಿಸಿದರೆ ಅರ್ಥಿಂಗ್ ಚೆನ್ನಾಗಿದೆ ಅಂತ ಅಲ್ಲ. ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೇನೋ ಅನ್ನುವಷ್ಟು ಕಡಿಮೆ. ಅರ್ಥ್ ವೈರ್‌ನ ಒಂದೇ ಒಂದು ಎಳೆ ತಾಗಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ನಿಜವಾಗಿ ಫಾಲ್ಟ್ ಆದಾಗ ಆ ಎಳೆ ಉಳಿಯುವುದಿಲ್ಲ. ನಮ್ಮ ಮನೆಗೆ ಬಂದ ಆ ಎರಡನೆಯವರು ಚೀಲದಿಂದ ತೆಗೆದದ್ದು ಲೂಪ್ ಟೆಸ್ಟರ್. ಅದು ನಿಜವಾದ ಕರೆಂಟ್ ಹರಿಸಿ, ಫೇಸ್‌ನಿಂದ ಅರ್ಥ್ ಮೂಲಕ ಸುತ್ತಿ ಬರುವ ದಾರಿಯ ರೆಸಿಸ್ಟೆನ್ಸ್ ಎಷ್ಟು ಅಂತ ಓಮ್‌ನಲ್ಲಿ ಹೇಳುತ್ತದೆ. ಪ್ರತಿ ಸಾಕೆಟ್‌ನಲ್ಲೂ ಇದನ್ನು ಮಾಡಿಸಿ. ಒಂದು ಸಾಕೆಟ್‌ನಲ್ಲಿ ಮಾತ್ರ ಅಂಕಿ ಜಾಸ್ತಿ ಬಂದರೆ ಅಲ್ಲಿ ಜಾಯಿಂಟ್ ಲೂಸ್ ಇರಬಹುದು.

ಪೋಲಾರಿಟಿ ನೋಡುವುದು ಸುಲಭ: ಸ್ವಿಚ್ ಕಡಿಯಬೇಕಾದ್ದು ಫೇಸನ್ನು. ನ್ಯೂಟ್ರಲ್ ಕಡಿದರೂ ಲೈಟ್ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕೊನೆಗೆ ಟೆಸ್ಟರ್ ಹಾಕಿ ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡ್‌ನಲ್ಲಿ ಬಿತ್ತು ಅಂತ ಅಳೆಯಬೇಕು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಆ ಸಾಧನ ಕೆಲಸ ಮಾಡುತ್ತದಾ ಅಂತ ಮಾತ್ರ ಗೊತ್ತಾಗುತ್ತದೆ, ನಿಮ್ಮ ಅರ್ಥಿಂಗ್ ಸರಿ ಇದೆಯಾ ಅಂತ ಗೊತ್ತಾಗುವುದಿಲ್ಲ.

ಎಲ್ಲ ಅಂಕಿ ಬರೆದ ಹಾಳೆಗೆ ಸಹಿ, ಲೈಸೆನ್ಸ್ ನಂಬರ್, ತಾರೀಖು ಹಾಕಿಸಿಕೊಳ್ಳಿ.

ನೀವೇ ಈ ಕೆಲಸಕ್ಕೆ ಬರಬೇಕೆಂದಿದ್ದರೆ

ದಾರಿ ಎಲ್ಲ ಕಡೆ ಹೆಚ್ಚೂ ಕಡಿಮೆ ಒಂದೇ ಥರ: ತರಬೇತಿ ಶಾಲೆ, ಅನುಭವಿಗಳ ಕೈಕೆಳಗೆ ಕೆಲವು ವರ್ಷ, ಪರೀಕ್ಷೆ, ಲೈಸೆನ್ಸ್. ಎಷ್ಟು ವರ್ಷ, ಯಾವ ದಾಖಲೆ ಅನ್ನುವುದನ್ನು ನಿಮ್ಮ ಕಡೆ ಲೈಸೆನ್ಸ್ ಕೊಡುವ ಕಚೇರಿಗೇ ಹೋಗಿ ಕೇಳಿ, ಮಧ್ಯದವರ ಮಾತು ಬೇಡ. ಮೊದಲ ದಿನದಿಂದಲೇ ಒಂದು ಡೈರಿ ಇಡಿ. ಎಲ್ಲಿ, ಏನು ಕೆಲಸ, ಯಾರ ಕೈಕೆಳಗೆ ಅಂತ ಬರೆದು ವಾರಕ್ಕೊಮ್ಮೆ ಅವರ ಸಹಿ ಹಾಕಿಸಿ. ಅನುಭವದ ಪುರಾವೆ ಕೇಳಿದಾಗ ಇದು ಕೈ ಹಿಡಿಯುತ್ತದೆ.

ಕಲಿಸುವವರನ್ನು ಆರಿಸುವಾಗ ದಿನಗೂಲಿ ಎಷ್ಟು ಅನ್ನುವುದಕ್ಕಿಂತ ಅವರು ಟೆಸ್ಟ್ ಮಾಡುತ್ತಾರಾ ಅಂತ ನೋಡಿ. ಗೋಡೆ ಕೊರೆಯುವುದು, ಪೈಪ್ ಹಾಕುವುದು ಯಾರ ಹತ್ತಿರ ಬೇಕಾದರೂ ಕಲಿಯಬಹುದು. ಫಾಲ್ಟ್ ಹುಡುಕುವುದನ್ನು ಕಲಿಸುವವರು ಕಡಿಮೆ. ನಿಮ್ಮ ಮೊದಲ ಸಂಬಳ ಉಳಿಸಿ ಕೊಳ್ಳುವ ಮೊದಲ ಉಪಕರಣ ಒಂದು ಒಳ್ಳೆ ಮೀಟರ್ ಆಗಿರಲಿ.

ಕೆಲಸ ಮುಗಿದ ಮೇಲೆ

ಡಿಬಿಯಲ್ಲಿ ಪ್ರತಿ ಎಂಸಿಬಿ ಕೆಳಗೆ ಅದು ಯಾವ ಕೋಣೆಯದು ಅಂತ ಬರೆಸಿ. "ಲೈಟ್ 1, ಲೈಟ್ 2" ಅಂತ ಬೇಡ, "ಅಡುಗೆಮನೆ ಸಾಕೆಟ್" ಅಂತ ಇರಲಿ. ಕತ್ತಲಲ್ಲಿ ಟಾರ್ಚ್ ಹಿಡಿದು ಓದುವವರು ಮನೆಯ ಹಿರಿಯರೋ ಮಕ್ಕಳೋ ಆಗಿರಬಹುದು. ಟೆಸ್ಟ್ ಹಾಳೆಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಡಿಬಿ ಪಕ್ಕದಲ್ಲೇ ಇಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಎಷ್ಟು ದಿನಕ್ಕೊಮ್ಮೆ ಒತ್ತಬೇಕು ಅಂತ ಅದರ ಮೇಲೆ ಅಥವಾ ಜೊತೆಗೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಹಾಳೆ ತಿರುವುವ ದಿನವೇ ಬಟನ್ ಒತ್ತುತ್ತೇವೆ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅವತ್ತೇ ಫೋನ್ ಮಾಡಿ.